ಹೆಡ್‌ಸೆಟ್‌ನೊಳಗಿನ ಗ್ಯಾಸ್ ವಾಸನೆ

ಶಕುನ, ಸೂಚನೆ ಅಂತೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ತಕರಾರಿಲ್ಲ.

ವಿ.ಆರ್. ಹೆಡ್‌ಸೆಟ್ ನಮ್ಮ ಕಡೆ ಆಗಷ್ಟೇ ಬಂದಿದ್ದ ಕಾಲ. ಧಾರವಾಡದಿಂದ ಬಂದು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ನೆಲೆಸಿದ್ದ ನಾನು ವಾಶಿಯ ಒಂದು ಸಣ್ಣ ಸಂಸ್ಥೆಯಲ್ಲಿ ಹೋಟೆಲಿನವರಿಗೆ ಸುರಕ್ಷತೆಯ ಪಾಠ ಹೇಳುತ್ತಿದ್ದೆ. ಹೆಡ್‌ಸೆಟ್ ಕಣ್ಣಿಗೆ ಕಟ್ಟಿದರೆ ಸಾಕು, ಸುತ್ತಲೂ ಅಡುಗೆಮನೆಯೇ ಎದ್ದು ನಿಲ್ಲುತ್ತಿತ್ತು. ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿದವನು ನಾನೇ. ಉಡುಪಿ ಹೋಟೆಲಿನವರು ಬಾಗಿಲು ತೆರೆದೊಡನೆ ಮೊದಲು ದೇವರ ದೀಪ ಹಚ್ಚುತ್ತಾರೆ, ಗ್ಯಾಸ್ ಸೋರಿದೆಯೇ ಎಂದು ನೋಡುವುದು ಆಮೇಲೆ. ಆ ಅಭ್ಯಾಸ ಬಿಡಿಸಲೆಂದೇ ಆ ಅಡುಗೆಮನೆಯ ಮೂಲೆಯಲ್ಲಿ ದೇವರ ಗೂಡೊಂದನ್ನು ಇಟ್ಟಿದ್ದೆ; ಗ್ಯಾಸ್ ನೋಡದೆ ದೀಪ ಹಚ್ಚಿದರೆ ಕಣ್ಣೆದುರೇ ಬೆಂಕಿ ಭುಗಿಲೇಳುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಒಂದು ಮಧ್ಯಾಹ್ನ ಸದಾನಂದ ಎನ್ನುವವರು ಪಾಠಕ್ಕೆ ಬಂದರು. ಡೊಂಬಿವಲಿಯಲ್ಲಿ ಅವರೂ ಅವರ ಅಕ್ಕನೂ ಸೇರಿ ಹೋಟೆಲ್ ನಡೆಸುತ್ತಿದ್ದರು. ಹೆಡ್‌ಸೆಟ್ ಹಾಕಿಕೊಂಡು ದೀಪದ ಕಡೆ ಕೈಚಾಚಿದವರು ಥಟ್ಟನೆ ನಿಂತರು.

"ಸರ್, ಗ್ಯಾಸ್ ವಾಸನೆ ಬರ್ತಾ ಉಂಟು."

ಉಳಿದವರು ನಕ್ಕರು. ಅದರಲ್ಲಿ ಚಿತ್ರ, ಸದ್ದು ಬಿಟ್ಟರೆ ಮತ್ತೇನೂ ಬರುವುದಿಲ್ಲ. ನಮ್ಮ ಕೋಣೆಯಲ್ಲಿ ಒಲೆಯಿಲ್ಲ, ಕೆಳಗಿದ್ದವೆಲ್ಲ ಮೊಬೈಲ್ ಅಂಗಡಿಗಳು. ಸಿಟ್ಟು ಬಂದು ನಾನೇ ಹೆಡ್‌ಸೆಟ್ ಹಾಕಿಕೊಂಡು ನೋಡಿದೆ. ಕೂಡಲೇ ತೆಗೆದು ಅವರ ಕೈಗಿತ್ತೆ.

"ಏನೂ ಇಲ್ರೀ. ಮಷೀನದಾಗ ಎಲ್ಲಿ ವಾಸನಿ ಬರ್ತದ? ಸುಮ್ನ ಪಾಠ ಮುಂದುವರಿಸ್ರಿ."

ಅವರು ಹಾಕಿಕೊಳ್ಳಲಿಲ್ಲ. ಗೋಡೆಯ ಗಡಿಯಾರ ನೋಡಿದರು. ನಾಲ್ಕೂವರೆ. ಮಧ್ಯಾಹ್ನ ಮುಚ್ಚಿದ ಹೋಟೆಲನ್ನು ಅಕ್ಕ ಒಬ್ಬರೇ ತೆರೆಯುವ ಹೊತ್ತು ಎನ್ನುತ್ತ ಫೋನ್ ಕೈಗೆತ್ತಿಕೊಂಡರು. ಹೋಟೆಲಿನ ಫೋನಿಗೆ ಮೂರು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ನಾಲ್ಕನೆಯ ಸಲ ಅಕ್ಕನ ದನಿ ಕೇಳಿಸಿತು. ಸದಾನಂದ ಒಂದೇ ಉಸಿರಿಗೆ ತುಳುವಿನಲ್ಲಿ, ದೀಪ ಹಚ್ಚಬೇಡ, ಮೊದಲು ಹೊರಗೆ ಹೋಗು ಎಂದರು.

ಸಿಲಿಂಡರಿನ ರಬ್ಬರ್ ಪೈಪು ಸೀಳಿ ಒಳಗೆಲ್ಲ ಗ್ಯಾಸ್ ತುಂಬಿತ್ತು. ಅಕ್ಕನಿಗೆ ಜೋರು ನೆಗಡಿ, ಮೂಗು ಕಟ್ಟಿತ್ತು. ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಹೊರಗಿನ ಗಲ್ಲಾಪೆಟ್ಟಿಗೆಯ ಹತ್ತಿರ ಫೋನಿಗೆ ಬಂದಿದ್ದರಂತೆ.

ಆ ಹೆಡ್‌ಸೆಟ್ಟನ್ನು ಮರುದಿನ ಬಿಚ್ಚಿ ನೋಡಿದೆ. ಬೇರೆಯವರ ಕೈಗೂ ಕೊಟ್ಟು ನೋಡಿದೆ. ಏನೂ ಸಿಗಲಿಲ್ಲ.

ಆ ವಾರವೇ ಅಕ್ಕ ರೈಲು ಹತ್ತಿ ವಾಶಿಗೆ ಬಂದರು. ಡಬ್ಬಿ ತುಂಬ ಮೈಸೂರುಪಾಕು. ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಪಾಠದಿಂದ ನಾನು ಉಳಿದೆ ಮಾರಾಯ್ರೆ" ಎಂದರು. ನಾನು ಡಬ್ಬಿ ತೆಗೆದುಕೊಂಡು ಮೇಜಿನ ಮೇಲಿಟ್ಟೆ.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಅದು ಹೇಗಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಹೆಡ್‌ಸೆಟ್ ಕಣ್ಣಿಗೇರಿಸಿದ ಕೂಡಲೇ ನನ್ನ ಮೂಗಿಗೂ ಗ್ಯಾಸ್ ವಾಸನೆ ರಪ್ಪನೆ ಹೊಡೆದಿತ್ತು. ಅಷ್ಟು ಜನರೆದುರು ಮರ್ಯಾದೆ ಹೋಗುತ್ತದೆಂದು, ಏನೂ ಇಲ್ಲ ಅಂದುಬಿಟ್ಟಿದ್ದೆ.