ಹತ್ತಿ ಬಿಡಿಸುವ ಹೆಬ್ಬೆರಳು

“ಅಕ್ಕಾರ, ಬೆರಳು ಚಂದಂಗ ಒರಸ್ಕೊಂಡು ಇನ್ನೊಮ್ಮೆ ಒತ್ರಿ” ಎಂದ ನವಲಗುಂದದ ಮೊಬೈಲ್ ಅಂಗಡಿಯವ. ನನ್ನ ಪಕ್ಕದಲ್ಲಿದ್ದ ತಿರ್ಲಾಪುರದ ಹೆಂಗಸು ಹೆಬ್ಬೆರಳನ್ನು ಸೆರಗಿಗೆ ತಿಕ್ಕಿ ಮತ್ತೆ ಒತ್ತಿದರು. ಹೊಸ ಫೋನ್ ಆ ಬೆರಳಿನ ಗುರುತನ್ನು ಐದನೇ ಸಲವೂ ಒಪ್ಪಲಿಲ್ಲ.

ಅಷ್ಟು ಹೊತ್ತೂ ನಾನು ಎರಡು ಕಂಪನಿಗಳ ಫೋನ್ ಹಿಡಿದು, ಯಾವುದರಲ್ಲಿ ನನ್ನ ಫೋಟೊ ಚೆಂದ ಬರುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದೆ. ಆಕೆ ಮಾತ್ರ ಒಂಚೂರೂ ಮುಜುಗರಪಡದೆ ಫೋನನ್ನು ಅವನತ್ತ ಸರಿಸಿದರು.

“ದಿನಾ ಹತ್ತಿ ಬಿಡಸೂ ಕೈ ಐತಿ ತಮ್ಮಾ, ಗೆರಿ ಎಲ್ಲಾ ಸವದಾವು. ಕೈ ಬದಲ್ಸಾಕ ಬರೂದಿಲ್ಲ. ಫೋನ್ ಬದಲ್ಸು.”

ಅವನು ಬೇರೆ ಕಂಪನಿಯದನ್ನು ಕೊಟ್ಟ. ಅದು ಎರಡನೇ ಸಲಕ್ಕೇ ಬೆರಳನ್ನು ಗುರುತಿಸಿತು. ಆಕೆ ಅಷ್ಟಕ್ಕೇ ಬಿಡಲಿಲ್ಲ. ಫೋನಿನ ಭಾಷೆ ಕನ್ನಡಕ್ಕೆ ಹಾಕಿಸಿ, ಅಕ್ಷರ ದೊಡ್ಡದು ಮಾಡಿಸಿ, ಹೊರಗೆ ಸುಡುಬಿಸಿಲಲ್ಲಿ ನಿಂತು ಗಟ್ಟಿಯಾಗಿ ಓದಿ ನೋಡಿದರು. “ಹೊಲದಾಗೂ ಕಾಣ್ತೈತಿ, ಇದನ್ನ ಕೊಡು” ಎಂದರು. ಕ್ಯಾಮೆರಾದ ಮಾತೇ ಎತ್ತಲಿಲ್ಲ. ಯಾವ ಫೋನ್ ಒಳ್ಳೆಯದೆಂದು ತಿಂಗಳಿಡೀ ವಿಡಿಯೊ ನೋಡಿಯೂ ನನಗೆ ಹೊಳೆಯದ ಪರೀಕ್ಷೆಗಳವು.

ಹೊಲದಲ್ಲಿ ದುಡಿಯುವ ನನ್ನ ಅವ್ವನ ಫೋನೂ ಅವಳ ಬೆರಳಿಗೆ ತೆರೆಯುವುದಿಲ್ಲ. “ಸರಿಯಾಗಿ ಒತ್ತಬೇ” ಎಂದು ಅವಳನ್ನೇ ಎಷ್ಟು ಸಲ ಗದರಿದ್ದೆನೋ. ನನಗೆಂದು ಫೋನ್ ಕೊಳ್ಳಲು ಹೋದವಳು, ಅಂದು ಅವ್ವನಿಗೆ ಅಂಥದೇ ಫೋನ್ ಕೊಂಡು ಮನೆಗೆ ಬಂದೆ.