ಕೊಡುವ ನಕ್ಷತ್ರ ನನ್ನ ಪಾಲು

ತೊಂಬತ್ತರ ದಶಕದ ಕೊನೆಗೆ ನಾನೂ ನನ್ನ ಗಂಡನೂ ಪುಣೆಯ ಒಂದೇ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಲೆಕ್ಕ ಮಾಡುತ್ತಿದ್ದೆವು. ಉರಿದು ಮುಗಿದು, ಭೂಮಿಯಷ್ಟು ಗಾತ್ರಕ್ಕೆ ಕುಗ್ಗಿದ ನಕ್ಷತ್ರಕ್ಕೆ ಶ್ವೇತ ಕುಬ್ಜ ಅನ್ನುತ್ತಾರೆ. ಅಂಥ ಎರಡು, ಒಂದರ ಸುತ್ತ ಇನ್ನೊಂದು ತಿರುಗುತ್ತ ಹತ್ತಿರವಾಗುತ್ತವೆ. ಕೊನೆಗೆ ಹಗುರವಾದದ್ದು ತನ್ನ ಮೈಯನ್ನೇ ಭಾರದ್ದಕ್ಕೆ ಸುರಿಯತೊಡಗುತ್ತದೆ. ಆಮೇಲೆ ಎರಡೂ ಕೂಡಿಕೊಳ್ಳುತ್ತವೋ, ದೂರ ಸರಿಯುತ್ತವೋ ಎಂಬುದು ನಮ್ಮ ಪ್ರಶ್ನೆ. ಕೊಡುವ ನಕ್ಷತ್ರ ನನ್ನ ಪಾಲು, ತಗೊಳ್ಳುವುದು ಅವರ ಪಾಲು. ಬೇಕೆಂದು ಹಾಗೆ ಹಂಚಿಕೊಂಡದ್ದಲ್ಲ.

ಒಂದು ಕಾಯಂ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದೆವು. ಯಾರಿಗೆ ಸಿಕ್ಕರೂ ಮನೆಗೇ ಬಂತಲ್ಲ ಎಂದು ನಾವಿದ್ದ ಕಾತ್ರಜ ಬಡಾವಣೆಯ ನೆರೆಯವರು ಸಮಾಧಾನ ಹೇಳಿದರು. ನನಗೆ ಆ ಮಾತು ಸೇರಲಿಲ್ಲ. ಆ ಕೆಲಸ ನನಗೇ ಬೇಕಿತ್ತು.

ಸಂದರ್ಶನದ ದಿನ ಬೆಳಿಗ್ಗೆ ಅವರು ಅವಲಕ್ಕಿ ತಿನ್ನುತ್ತ, "ನಿನ್ನ ಭಾಗ ಕೇಳಿದ್ರ ಏನ್ ಹೇಳ್ಲಿ?" ಅಂದರು. ಜಂಟಿ ಕೆಲಸವೆಂದ ಮೇಲೆ ಇಬ್ಬರಿಗೂ ಪೂರ್ತಿ ಗೊತ್ತಿರಬೇಕು ಎಂಬುದು ನಮ್ಮ ರೂಢಿ. ಒಲೆ ಸಣ್ಣದು ಮಾಡಿ ಹೇಳಿಕೊಟ್ಟೆ: ಶ್ವೇತ ಕುಬ್ಜ ತೂಕ ಕಳಕೊಂಡಷ್ಟೂ ಕುಗ್ಗುವುದಿಲ್ಲ, ಉಬ್ಬುತ್ತದೆ. ಹಾಗಾಗಿ ದೂರ ಸರಿದರೂ ಕೊಡುವುದು ನಿಲ್ಲುವುದಿಲ್ಲ. ಹೊರಡುವಾಗ, ಹೋದ ಕೆಲಸ ಕೈಗೂಡಲೆಂದು ಈ ಊರಿನವರು ಮಾಡುವ ಪದ್ಧತಿಯಂತೆ ಅವರ ಅಂಗೈಗೆ ಮೊಸರು-ಸಕ್ಕರೆಯನ್ನೂ ಹಾಕಿದೆ.

ಅವರನ್ನೇ ಮೊದಲು ಕರೆದರು. ಹೊರಬಂದಾಗ ಮುಖ ಅರಳಿತ್ತು.

"ಹೆಂಗಾತ್ರಿ?"

"ಭಾಳ ಚಲೋ ಆತು. ಬರೇ ನಿನ್ನ ಭಾಗಾನೇ ಕೇಳಿದ್ರು. ಪೂರಾ ಹೇಳಿದೆ."

"ನಂದು ಅಂತ ಹೇಳಿದ್ರಿಲ್ಲೋ?"

"ನಾವು ಮಾಡೀವಿ ಅಂದೆ."

ನಾನು ಒಳಗೆ ಹೋಗಿ ಬೋರ್ಡಿನ ಮೇಲೆ ಎರಡು ವೃತ್ತ ಬರೆಯುವಷ್ಟರಲ್ಲಿ ಸಮಿತಿಯ ಹಿರಿಯರೊಬ್ಬರು ತಡೆದರು. ಇದನ್ನು ಈಗಷ್ಟೇ ನಿಮ್ಮ ಯಜಮಾನರಿಂದ ಕೇಳಿದೆವು, ನಿಮಗೂ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಅಂದರು. ಹೇಳಿಕೊಟ್ಟವಳು ನಾನು ಅಂದೆ. ಎಲ್ಲರೂ ನಕ್ಕರು.

ಹುದ್ದೆ ಅವರಿಗೆ ಸಿಕ್ಕಿತು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವರದು. ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ; ಆದರೆ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಸಂಸ್ಥೆಯಲ್ಲಿ ನನ್ನ ತಾತ್ಕಾಲಿಕ ಅವಧಿ ಮುಗಿದ ಮೇಲೆ ನಾನು ಊರಾಚೆಯ ತಳೇಗಾಂವದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ, ಮುಂಜಾನೆಯ ಲೋಕಲ್ ರೈಲು ಹಿಡಿದು.

ಮುಂದಿನ ಚಳಿಗಾಲ ಅವರು ಇದೇ ವಿಷಯದ ಮೇಲೆ ಉಪನ್ಯಾಸಕ್ಕೆ ಹೊರಟರು. ಅವಲಕ್ಕಿ ತಿನ್ನುತ್ತ, ಕೊಡುವ ನಕ್ಷತ್ರದ ಬಗ್ಗೆ ಇನ್ನೊಂದು ಸಂಶಯ ಕೇಳಿದರು. ಹೇಳಬಾರದು ಅಂದುಕೊಂಡೆ. ಆದರೆ ನನ್ನ ಲೆಕ್ಕವನ್ನು ಅವರು ಜನರ ಮುಂದೆ ತಪ್ಪಾಗಿ ಹೇಳುವುದನ್ನು ನೆನೆದರೇ ಸಂಕಟವಾಯಿತು.

ಒಲೆ ಸಣ್ಣದು ಮಾಡಿ ಹೇಳಿಕೊಟ್ಟೆ.