ಕಡತದಲ್ಲಿ ಬಸುರಾದ ಕಾಕು

ಮೊನ್ನೆ ಜೋರಾಪುರ ಪೇಟೆಯ ಬಳೆ ಅಂಗಡಿಯಲ್ಲಿ ಗೆಳತಿಯೊಬ್ಬಳ ಕುಬಸಕ್ಕೆಂದು ಹಸಿರು ಗಾಜಿನ ಬಳೆ ಆರಿಸುತ್ತಿದ್ದೆ. ಕುಬಸವೆಂದರೆ ನಮ್ಮ ಕಡೆ ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವ ಸಂಭ್ರಮ. ಅಂಗಡಿಯಾತ ಬಳೆಗಳನ್ನು ಬೆರಳಿಗೆ ಪೋಣಿಸಿ ಒಮ್ಮೆ ಅಲುಗಿಸಿದ. ಆ ಸದ್ದಿಗೆ ನನಗೆ ನಗು ಬಂತು, ಬೆನ್ನಿಗೇ ಸಿಟ್ಟೂ ಬಂತು. ಕಾರಣ ತಿಳಿಯಬೇಕೆಂದರೆ ನೀವು ನನ್ನ ಜೊತೆ ತಿಕೋಟಾದವರೆಗೆ ಬರಬೇಕು.

ಅಲ್ಲಿ ನನ್ನ ಕಾಕಾ, ಅಂದರೆ ಚಿಕ್ಕಪ್ಪ, ಮತ್ತು ಅವರ ಹೆಂಡತಿ ಸುಮಂಗಲಾ ಕಾಕು ದ್ರಾಕ್ಷಿ ಬೆಳೆಯುತ್ತಾರೆ. ಅವರಿಗೆ ಮಕ್ಕಳಿರಲಿಲ್ಲ. ಕಾಕುವಿನ ತಂಗಿ ಮಾರಿಷಸ್ಸಿಗೆ ನರ್ಸಾಗಿ ಹೋಗಿ, ಅಲ್ಲಿಯವನನ್ನೇ ಮದುವೆಯಾಗಿ, ರಸ್ತೆ ಅಪಘಾತವೊಂದರಲ್ಲಿ ಗಂಡನೊಂದಿಗೇ ತೀರಿಹೋದಳು. ಉಳಿದವರು ಆರು ವರ್ಷದ ನೀಲ್, ಮೂರು ವರ್ಷದ ತಾರಾ. ಅವರನ್ನು ಅಲ್ಲಿನ ಅನಾಥಾಲಯವೊಂದರಲ್ಲಿ ಇರಿಸಿದ್ದರು. ಇಬ್ಬರನ್ನೂ ದತ್ತು ಪಡೆಯಲು ಕಾಕಾ, ಕಾಕು ಅರ್ಜಿ ಹಾಕಿದರು.

ಎರಡು ದೇಶಗಳ ಕಾನೂನು, ಇಬ್ಬರು ಮಕ್ಕಳ ಬದುಕು. ನಿಧಾನವಾಗಿಯೇ ಪರೀಕ್ಷಿಸಲಿ, ನನಗೆ ತಕರಾರಿಲ್ಲ. ಆದರೆ ಪರೀಕ್ಷೆಯ ಹೆಸರಿನಲ್ಲಿ ಕಡತವನ್ನು ಮಲಗಿಸುವವರು ಯಾರಿಗೆ ಉತ್ತರ ಕೊಡಬೇಕು? ದಾಖಲೆ ಕೊಟ್ಟಂತೆ ಅವಧಿ ಮುಗಿಯುವುದು, ಅವಧಿ ಮುಗಿದಂತೆ ಮತ್ತೆ ಕೊಡುವುದು. "ನನ್ನ ಲಗ್ನದಾಗೂ ಇಷ್ಟ ಫೋಟೋ ತಗಸಿದ್ದಿಲ್ಲ ಬಿಡು," ಎಂದು ಕಾಕಾ ನಗುತ್ತಿದ್ದರು. ಭಾನುವಾರಕ್ಕೊಮ್ಮೆ ಫೋನಿನ ಪರದೆಯ ಮೇಲೆ ಮಕ್ಕಳು ಕಾಣಿಸುತ್ತಿದ್ದರು. ಅವರದು ಅಲ್ಲಿನ ಭಾಷೆ, ಕಾಕುವಿನದು ಬರೀ ಕನ್ನಡ. ಆಕೆ ಪ್ರತಿ ಸಲ "ಉಂಡ್ರ್ಯಾ?" ಎಂದು ಕೇಳಿ ತಾನೇ "ಉಂಡ್ವಿ ಅನ್ರಿ" ಎಂದು ಕಲಿಸುವಳು. ಇಷ್ಟರಲ್ಲಿ ಎರಡೂವರೆ ವರ್ಷ ಕಳೆಯಿತು.

ಆಗಲೇ ಬಬಲೇಶ್ವರದಿಂದ ಕಾಕುವಿನ ತಾಯಿ ಬುತ್ತಿ ಹೊತ್ತು ಬಂದದ್ದು. ನಾವೆಲ್ಲ ಆಯಿ ಎನ್ನುವ ಆ ಮುದುಕಿ ಮಗಳಿಗೆ ಕುಬಸ ಮಾಡಿಯೇ ತೀರುವೆನೆಂದು ಕೂತಳು.

"ಬಸರs ಇಲ್ಲ, ಬಯಕಿ ಎಲ್ಲಿದು ಬೇ?" ಎಂದು ಪಕ್ಕದ ಮನೆಯಾಕೆ ಚುಚ್ಚಿದಳು.

"ಒಂಬತ್ತ ತಿಂಗಳ ಹೊತ್ತಾಕಿಗೆ ಮಾಡ್ತೀರಿ. ನನ್ನ ಮಗಳು ಎರಡೂವರಿ ವರ್ಷದಿಂದ ಎದಿಯಾಗ ಹೊತ್ತಾಳ. ಆಕಿ ಬಯಕಿ ನಿನಗೇನ ಗೊತ್ತ? ಹೋಳಿಗಿ ಬೇಕಾದ್ರ ಬಾ, ಬ್ಯಾಡಾದ್ರ ಬಾಗಲಾ ಹಾಕ್ಕೊ," ಎಂದಳು ಆಯಿ.

ಪಕ್ಕದ ಮನೆಯಾಕೆ ಬಂದಳು. ಹಾಡನ್ನೂ ಅವಳೇ ಎತ್ತಿದಳು. ಕಾಕು ಹಸಿರುಟ್ಟು ನಾಚಿ ಕುರ್ಚಿಯ ಮೇಲೆ ಕೂತಿದ್ದಾಗ ಮನೆ ಪರಿಶೀಲನೆಯ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು, ಕೊಟ್ಟ ಶೇಂಗಾ ಹೋಳಿಗೆ ತಿಂದರು, ಹೊರಟುಹೋದರು. ಯಾರನ್ನೂ ಒಂದು ಮಾತು ಕೇಳಲಿಲ್ಲ.

ಅಂದಿನಿಂದ ಕಡತ ಅಲುಗಲಿಲ್ಲ. ವಿಚಾರಿಸಿದರೆ "ಪ್ರಕ್ರಿಯೆಯಲ್ಲಿದೆ" ಎಂಬ ಒಂದೇ ಪದ. ವಿಶ್ವವಿದ್ಯಾಲಯದಿಂದ ಹೊಸದಾಗಿ ಹೊರಬಿದ್ದಿದ್ದ ನಾನು ಮಾಹಿತಿ ಹಕ್ಕಿನಡಿ ಅರ್ಜಿ ಬರೆದೆ. ಮೊದಲ ಅರ್ಜಿಯಲ್ಲಿ ಪ್ರಜಾಪ್ರಭುತ್ವದ ಕುರಿತು ಮೂರು ಪುಟ ಬರೆದು ಸಹಿ ಹಾಕುವುದನ್ನೇ ಮರೆತಿದ್ದೆ. ಅದು ಮರಳಿ ಬಂತು. ಎರಡನೆಯದಕ್ಕೆ ಕಡತದ ಪ್ರತಿ ಸಿಕ್ಕಿತು. ಅದರಲ್ಲಿ ದುಂಡಾದ ಅಕ್ಷರಗಳಲ್ಲಿ ಒಂದು ಷರಾ: "ಅರ್ಜಿದಾರರು ಏಳು ತಿಂಗಳ ಗರ್ಭಿಣಿ. ಹೆರಿಗೆಯ ನಂತರ ಮರುಪರಿಶೀಲಿಸುವುದು." ಅದನ್ನು ಬರೆದು ಎಂಟು ತಿಂಗಳಾಗಿತ್ತು.

ನಾನು ಓದಿ ಹೇಳಿದಾಗ ಕಾಕು ನಗಲಿಲ್ಲ. "ನನ್ನ ಕುಬಸs ನನ್ನ ಮಕ್ಕಳನ್ನ ತಡೀತಲ್ಲವಾ," ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ನಾವು ಕಡತ ಮಲಗಿದ್ದ ವಿಜಯಪುರದ ಕಚೇರಿಯಲ್ಲಿದ್ದೆವು.

ದಾರಿಯುದ್ದಕ್ಕೂ ನಾನು ಹೊಸೆದಿದ್ದ ಭಾಷಣದ ಮೊದಲ ಸಾಲೂ ಮುಗಿದಿರಲಿಲ್ಲ. ಷರಾ ಬರೆದ ಅಧಿಕಾರಿ ತಲೆ ಎತ್ತದೆ, "ಬಸರಿಲ್ಲಂತ ಡಾಕ್ಟರ್ ಸರ್ಟಿಫಿಕೇಟ್ ತರ್ರಿ, ನೋಡೂಣು," ಎಂದರು. ಕಾಕು ಸೆರಗು ಬಿಗಿದಳು.

"ಸಾಹೇಬ್ರ, ಎಂಟ ತಿಂಗಳ ಹಿಂದ ನನಗ ಏಳ ತಿಂಗಳಂತ ನೀವs ಬರದೀರಿ. ಏಳಕ್ಕ ಎಂಟ ಕೂಡಿಸ್ರಿ. ಹದಿನೈದ ತಿಂಗಳ ಬಸರಿ ನಿಮ್ಮ ಮುಂದ ನಿಂತೇನಿ, ಒಂದ ಕುರ್ಚಿನರೆ ಕೊಡ್ರಿ!"

ಇಡೀ ಕಚೇರಿ ನಕ್ಕಿತು. ಕಾಕು ನಗಲಿಲ್ಲ. "ನನ್ನ ಮಕ್ಕಳು ಹೊಟ್ಟ್ಯಾಗಿಲ್ರಿ. ನಿಮ್ಮ ಕಪಾಟಿನ್ಯಾಗ ಅದಾರ. ಹೊರಗ ತಗೀರಿ."

ತಿದ್ದುಪಡಿಯ ಷರಾ ನಮ್ಮ ಕಣ್ಣೆದುರೇ ಬಿತ್ತು. ಮೂರು ತಿಂಗಳಿಗೆ ಕೊನೆಯ ಆದೇಶ ಬಂತು. ಕಾಕಾ, ಕಾಕು ಹೋಗಿ ಮಕ್ಕಳನ್ನು ಕರೆತಂದರು. ತಿಕೋಟಾದ ಹೊಸ್ತಿಲಲ್ಲಿ ಆರತಿ ಎತ್ತಿ ಆಯಿ, "ಬಂದ್ರ್ಯಾ ನನ್ನ ಬಂಗಾರಗೋಳ?" ಎಂದು ಕೇಳಿದಳು. ತಾರಾ ತನಗೆ ಬರುತ್ತಿದ್ದ ಒಂದೇ ಕನ್ನಡ ಪದವನ್ನು ಗಟ್ಟಿಯಾಗಿ ಹೇಳಿದಳು: "ಉಂಡ್ವಿ!" ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು.

ಅಲ್ಲಿಗೆ ನೀವು ಕಥೆ ಮುಗಿಸಬಹುದು. ಕಚೇರಿಯೂ ಹಾಗೆಯೇ ಮುಗಿಸಿತು. ಕಳೆದುಹೋದ ಆ ಎಂಟು ತಿಂಗಳಿಗೆ ಹೊಣೆ ಯಾರೆಂದು ನಾನು ಕೊಟ್ಟ ದೂರಿಗೆ, "ಮಕ್ಕಳು ಹಸ್ತಾಂತರಗೊಂಡಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂಬ ಉತ್ತರ ಕಳೆದ ವಾರ ಬಂದಿದೆ. ಮೊನ್ನೆ ಬಳೆ ಕೊಂಡವಳು ಮೇಲ್ಮನವಿಯ ಕಾಗದ ಹಿಡಿದು ನೇರವಾಗಿ ತಿಕೋಟಾಕ್ಕೆ ಹೋದೆ.

"ಮಕ್ಕಳು ಬಂದ್ವಲ್ಲವಾ, ಬಿಡು ಇನ್ನ," ಎಂದರು ಕಾಕಾ. ಕಾಕು ಕಾಗದ ಎಳೆದುಕೊಂಡು ಸಹಿ ಮಾಡಿದಳು. ಅದನ್ನು ಕಂಡು ಕಾಕಾ ಕೂಡ ಮಾಡಿದರು. ವರ್ಷದಲ್ಲಿ ಕನ್ನಡ ಕಲಿತ ನೀಲ್ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದ.

"ಅಕ್ಕಾ, 'ದಂಪತಿ ಎಂಟು ತಿಂಗಳು ಕಾಯಬೇಕಾಯಿತು' ಅಂತ ಬರದೀ. ದಂಪತಿ ಅಂದ್ರ?"

"ನಿಮ್ಮಪ್ಪ, ನಿಮ್ಮವ್ವ."

"ಮತ್ತ ನಾವು? ನಾವ್ ಕಾಯಲಿಲ್ಲೇನು?"

'ದಂಪತಿ' ಎಂಬುದನ್ನು ಹೊಡೆದುಹಾಕಿ 'ನಾವು ನಾಲ್ವರು' ಎಂದು ಬರೆದೆ. ತಾರಾ ಅಣ್ಣನನ್ನು ತಳ್ಳಿ ಮೊದಲು ತಾನೇ ಪೆನ್ನು ಹಿಡಿದಳು. ಅವಳ ಹೆಸರು ಉಳಿದ ಮೂರೂ ಹೆಸರಿಗಿಂತ ದೊಡ್ಡದಾಯಿತು.

ಇಂದು ಮುಂಜಾನೆ ಅದನ್ನು ಕಚೇರಿಯಲ್ಲಿ ಕೊಟ್ಟೆ. ಗುಮಾಸ್ತರು ಕನ್ನಡಕ ಏರಿಸಿ, "ಕೆಳಗಿನ ಎರಡು ಸಹಿ ಯಾರವ್ರಿ?" ಎಂದರು.

"ಅರ್ಜಿದಾರರದು," ಎಂದೆ. ಮೊಹರು ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.